ಯಕ್ಷಗಾನದಲ್ಲಿ ಹಿಮ್ಮೇಳ–ಮುಮ್ಮೇಳಗಳ ಹೊಂದಾಣಿಕೆ

ಗೀತ, ವಾದ್ಯ, ನೃತ್ಯಗಳು ಮೂರೂ ಕೂಡಿದುದಕ್ಕೆ ಸಂಗೀತವೆಂದು ಹೆಸರೆಂಬುದಾಗಿ ಹದಿಮೂರನೆಯ ಶತಮಾನದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಹೇಳಿರುವುದು ಸುಪ್ರಸಿದ್ಧವಾಗಿದೆ. ಆದರೆ ಈ ಮೂರು ಕಲೆಗಳು ಒಂದೇ ರಂಗದ ಮೇಲೆ ಕೂಡುವಾಗ ಯಾವುದು ಯಾವುದನ್ನು ಅನುಸರಿಸಬೇಕು, ಕಾಲವನ್ನು ಹಿಡಿದು ನಡೆಸುವವರು ಯಾರು ಎಂಬುದು ಲಕ್ಷಣಗ್ರಂಥವನ್ನು ತೆರೆದ ಮಾತ್ರದಿಂದ ಇತ್ಯರ್ಥವಾಗುವ ಪ್ರಶ್ನೆಯಲ್ಲ. ಒಂದೊಂದು ಸಂಪ್ರದಾಯವೂ ಇದಕ್ಕೆ ತನ್ನದೇ ಆದ ಉತ್ತರವನ್ನು ಆಟದ ಒಳಗೇ ಕಂಡುಕೊಂಡಿದೆ. ಕರಾವಳಿಯ ಯಕ್ಷಗಾನ ಬಯಲಾಟವು ಕಂಡುಕೊಂಡ ಉತ್ತರವೇನು, ಅದು ಹೇಗೆ ಸಾಧ್ಯವಾಯಿತು, ಈಗ ಅದರ ಸ್ಥಿತಿಯೇನು ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ಯಕ್ಷಗಾನದ ಹುಟ್ಟು, ಪ್ರಾಚೀನತೆ, ಆ ಹೆಸರಿನ ವ್ಯುತ್ಪತ್ತಿ ಇವುಗಳ ಬಗೆಗೆ ವಿದ್ವಾಂಸರು ಸಾಕಷ್ಟು ವಾದಿಸಿದ್ದಾರೆ. ಆ ಗೊಂಡಾರಣ್ಯವನ್ನು ಇಲ್ಲಿ ಹೊಗುವುದಿಲ್ಲ.

ಬಯಲಾಟದ ಕಲಾವಿದರಲ್ಲಿ ಎರಡು ಪಂಗಡಗಳುಂಟು. ರಂಗಸ್ಥಳದ ಹಿಂಬದಿಯಲ್ಲಿದ್ದು ಹಾಡುವವರು, ಬಾರಿಸುವವರು ಹಿಮ್ಮೇಳದವರು. ಮುಂದೆ ವೇಷ ತೊಟ್ಟು ಕುಣಿಯುವವರು, ಅರ್ಥ ಹೇಳುವವರು ಮುಮ್ಮೇಳದವರು. ಹಿಮ್ಮೇಳದಲ್ಲಿ ಭಾಗವತ, ಮದ್ದಳೆಗಾರ, ಚೆಂಡೆಗಾರ, ಜೊತೆಗೆ ಶ್ರುತಿ ಹಿಡಿಯುವವನೊಬ್ಬ. ಹಿಂದೆ ಶ್ರುತಿಗೆ ಪುಂಗಿ ಇರುತ್ತಿತ್ತು. ಆ ಸ್ಥಾನಕ್ಕೆ ಹಾರ್ಮೋನಿಯಂ ಬಂದು, ಅದರ ಸ್ಥಾನಕ್ಕೂ ಈಗ ವಿದ್ಯುತ್ತಿನ ಶ್ರುತಿಪೆಟ್ಟಿಗೆ ಬಂದಿದೆ. ಭಾಗವತನ ಕೈಯಲ್ಲಿ ಬಡಗುತಿಟ್ಟಿನಲ್ಲಿ ತಾಳ, ತೆಂಕುತಿಟ್ಟಿನಲ್ಲಿ ಜಾಗಟೆ. ತೆಂಕಿನ ಚೆಂಡೆಯು ಕೇರಳದ ಚೆಂಡೆಯನ್ನು ಬಹಳಮಟ್ಟಿಗೆ ಹೋಲುತ್ತದೆ. ಬಡಗಿನದು ಆಕಾರದಲ್ಲಿಯೂ ನುಡಿಯಲ್ಲಿಯೂ ಬೇರೆ. ಕುಣಿತದಲ್ಲಿಯೂ ಇಂಥ ವ್ಯತ್ಯಾಸವಿದೆ. ತೆಂಕಿನವರು ಧೀಂಗಿಣವೆಂಬ ನೆಗೆತದ ಸುತ್ತುಗಳಿಗೆ ಹೆಸರಾದರೆ, ಬಡಗಿನವರು ಮೊಣಕಾಲನ್ನೂರಿ ಗಿರಗಿರನೆ ತಿರುಗುವ ಮಂಡಿಗೆ ಹೆಸರಾದವರು.

ಇಲ್ಲಿ ಮೊದಲು ಗಮನಿಸಬೇಕಾದ ಒಂದು ಸಂಗತಿಯಿದೆ. ಅದು ಎಲ್ಲರ ಕಣ್ಣಿಗೂ ಬೀಳುವಂಥದಾದರೂ ಅದರ ಅರ್ಥವನ್ನು ನಾವು ಆಲೋಚಿಸುವುದು ಕಡಮೆ. ವೇಷಧಾರಿಯು ಪ್ರೇಕ್ಷಕರಿಗೆ ಮುಖಮಾಡಿ ಕುಣಿಯುವಾಗ ಅವನ ಬೆನ್ನು ಹಿಮ್ಮೇಳದ ಕಡೆಗಿರುತ್ತದೆ. ಅವನು ಭಾಗವತನನ್ನು ಕಾಣಲಾರ, ಕೇಳಬಲ್ಲ. ಭಾಗವತನಾದರೋ ಅವನ ಮುಖವನ್ನು ಕಾಣಲಾರ. ಹೆಗಲು, ಸೊಂಟ, ಹಿಮ್ಮಡಿ ಇವುಗಳ ಚಲನೆಯಿಂದಲೇ ಮುಂದಿನದನ್ನು ಊಹಿಸಬೇಕು. ಹೀಗೆ ಒಬ್ಬನು ಕಿವಿಯಿಂದಲೂ ಇನ್ನೊಬ್ಬನು ಕಣ್ಣಿನಿಂದಲೂ ಸಂಬಂಧವನ್ನು ಇರಿಸಿಕೊಂಡಿರುತ್ತಾರೆ. ಕಾಲಿನ ಗೆಜ್ಜೆಯೊಂದು ಮಾತ್ರ ಇಬ್ಬರಿಗೂ ಸಮಾನವಾಗಿ ಕೇಳಿಸುತ್ತದೆ.

ಎರಡನೆಯ ಸಂಗತಿಯೆಂದರೆ, ಪೌರಾಣಿಕ ಪ್ರಸಂಗಗಳನ್ನು ಆಡುವ ಮುನ್ನ ವೃತ್ತಿಮೇಳಗಳಲ್ಲಿ ತಾಲೀಮು ನಡೆಯುವ ವಾಡಿಕೆಯಿಲ್ಲ. ಪ್ರಸಂಗವೆಂಬುದು ಪದಗಳ ಸಂಪುಟ. ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಾಗಲಿ, ದೇವಿದಾಸನ ‘ಕೃಷ್ಣಸಂಧಾನ’ವಾಗಲಿ, ಮುದ್ದಣನ ‘ರತ್ನಾವತೀ ಕಲ್ಯಾಣ’ವಾಗಲಿ ನಮಗೆ ಕೊಡುವುದು ಪದ, ಅದರ ರಾಗ, ಅದರ ತಾಳ, ಇಷ್ಟನ್ನೇ. ಎಷ್ಟು ಹೊತ್ತು ಕುಣಿಯಬೇಕು, ಯಾವ ಸಾಲನ್ನು ಎಷ್ಟು ಸಲ ಹಾಡಬೇಕು, ಯಾವ ಮಾತು ಆಡಬೇಕು ಎಂಬುದು ಅಚ್ಚಾದ ಪುಸ್ತಕದಲ್ಲಿ ಇಲ್ಲ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ಹೊತ್ತಿಗೆ ಭಾಗವತನು ಪ್ರಸಂಗದ ನಡೆಯನ್ನು ಸೂಚಿಸಿದರೆ ಅಲ್ಲಿಗೆ ಸಿದ್ಧತೆ ಮುಗಿಯಿತು. ಎರಡು ಮೇಳಗಳ ಕಲಾವಿದರು ಬೆರೆತು ಆಡುವ ಕೂಡಾಟಗಳಲ್ಲಂತೂ ಹಿಂದೆಂದೂ ಜೊತೆಯಾಗಿ ರಂಗವೇರದ ವೇಷಧಾರಿಯೂ ಮದ್ದಳೆಗಾರನೂ ಆ ರಾತ್ರಿಯೇ ಮೊದಲಬಾರಿ ಸಂಧಿಸುವುದುಂಟು. ಆಟವು ಹಾಗಿದ್ದೂ ಕೆಡುವುದಿಲ್ಲ.

ಇದು ಹೇಗೆ ಸಾಧ್ಯವೆಂಬುದನ್ನು ತಿಳಿಯಲು ಒಂದು ಪದವು ರಂಗದ ಮೇಲೆ ಹುಟ್ಟಿ ಮುಗಿಯುವ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ವೇಷಧಾರಿಯು ಅರ್ಥ ಹೇಳುತ್ತಿರುತ್ತಾನೆ. ಅವನ ಮಾತು ಒಂದು ಕೊನೆಗೆ ಬರುತ್ತಿದ್ದಂತೆ, ಮುಂದಿನ ಪದದ ಮೊದಲ ಶಬ್ದಕ್ಕೆ ಹೊಂದುವ ಹಾಗೆ ವಾಕ್ಯವನ್ನು ತಿರುಗಿಸಿ ನಿಲ್ಲಿಸುತ್ತಾನೆ. ಭಾಗವತನಿಗೆ ಅದೇ ಸೂಚನೆ. ಮಾತಿನ ಕೊನೆಯೂ ಪದದ ಎತ್ತುಗಡೆಯೂ ಸಂದಿಲ್ಲದೆ ಬೆಸೆದುಕೊಂಡರೆ ಪ್ರೇಕ್ಷಕನಿಗೆ ಆ ಜೋಡಣೆಯ ಅರಿವೇ ಆಗದು. ಪದದ ಮೊದಲ ಸಾಲನ್ನು ಭಾಗವತನು ವಿಳಂಬದಲ್ಲಿ, ಶಬ್ದಗಳು ಸ್ಪಷ್ಟವಾಗಿ ಕೇಳುವಂತೆ ಹಾಡುತ್ತಾನೆ. ಮದ್ದಳೆಯು ಹಾಡಿನ ಮೈಯನ್ನು ಹಿಡಿದು ಸಾಗುತ್ತದೆ. ವೇಷಧಾರಿಯು ಸಾಹಿತ್ಯಕ್ಕೆ ತಕ್ಕ ಅಭಿನಯವನ್ನು ತೋರುತ್ತಾನೆ. ಸಾಲು ಪುನರಾವೃತ್ತಿಯಾದಾಗ ಹೆಜ್ಜೆಯ ಕಡೆಗೆ ಒತ್ತು ಹೆಚ್ಚುತ್ತದೆ. ಸಾಲಿಗೂ ಸಾಲಿಗೂ ನಡುವೆ ಬರುವ ಬಿಡ್ತಿಗೆಯಲ್ಲಿ ಸಾಹಿತ್ಯವು ಹಿಂದೆ ಸರಿದು, ಭಾಗವತನ ಬಾಯಿತಾಳ, ಮದ್ದಳೆ, ಚೆಂಡೆ, ಗೆಜ್ಜೆ ಇವುಗಳೇ ಮಾತಾಡತೊಡಗುತ್ತವೆ. ಕೊನೆಗೆ ಮುಕ್ತಾಯ. ಅಲ್ಲಿ ನಾಲ್ವರೂ ಒಂದೇ ಪೆಟ್ಟಿನಲ್ಲಿ ನಿಲ್ಲಬೇಕು. ನಿಂತ ಕೂಡಲೇ ವೇಷಧಾರಿಯು ಏದುಸಿರನ್ನು ನುಂಗಿಕೊಂಡು ಪುನಃ ಮಾತಿಗೆ ತೊಡಗುತ್ತಾನೆ.

ಮುಕ್ತಾಯವು ಯಾವಾಗ ಬರಬೇಕೆಂಬುದು ಮೊದಲೇ ಗೊತ್ತಾಗಿರುವುದಿಲ್ಲವೆಂಬುದೇ ಇಲ್ಲಿನ ಸ್ವಾರಸ್ಯ. ತಾಳದ ಅಕ್ಷರಗಳು ನಿಶ್ಚಿತ. ತ್ರಿಪುಟಕ್ಕೆ ಏಳು, ಅಷ್ಟತಾಳಕ್ಕೆ ಹದಿನಾಲ್ಕು. ಅದನ್ನು ಯಾರೂ ಮೀರುವಂತಿಲ್ಲ. ಆದರೆ ಎಷ್ಟು ಆವರ್ತಗಳೆಂಬುದು ಅನಿಶ್ಚಿತ. ವೇಷಧಾರಿಗೆ ಇನ್ನೂ ನಾಲ್ಕು ಸುತ್ತು ತಿರುಗುವ ಹುರುಪಿದ್ದರೆ ಅವನು ಒಂದು ಹೆಜ್ಜೆಯ ಮಾದರಿಯನ್ನು ಎರಡು ಬಾರಿ ಒತ್ತಿ ತುಳಿದು ತನ್ನ ಇಚ್ಛೆಯನ್ನು ತಿಳಿಸಬಲ್ಲ. ಚೆಂಡೆಗಾರನು ಅದನ್ನು ಹಿಡಿದು ಬೆಳೆಸುತ್ತಾನೆ. ದಣಿದಿದ್ದರೆ ಭಾಗವತನ ಕಡೆಗೆ ತಿರುಗಿ ನಿಲ್ಲುವುದೇ ಸಾಕು. ಆದರೆ ಒಪ್ಪಿಗೆ ಕೊಡುವ ಅಧಿಕಾರ ತಾಳ ಹಿಡಿದ ಕೈಯದು. ಭಾಗವತನೇ ಮೊದಲನೆಯ ವೇಷವೆಂದು ಯಕ್ಷಗಾನದವರು ಹೇಳುವ ಮಾತು ಕೇವಲ ಗೌರವದ ಮಾತಲ್ಲ. ಅವನು ಗಾಯಕನಷ್ಟೇ ಆಗಿರದೆ, ಬೆಳಗಿನ ಹೊತ್ತಿಗೆ ಪ್ರಸಂಗವು ಎಲ್ಲಿಗೆ ತಲಪಬೇಕೆಂಬ ಲೆಕ್ಕವನ್ನು ಇಟ್ಟುಕೊಂಡಿರುವ ಸೂತ್ರಧಾರನೂ ಹೌದು. ಹೊಸದಾಗಿ ರಂಗಕ್ಕೆ ಬಂದ ಪಾತ್ರವನ್ನು ಮಾತನಾಡಿಸಿ ಅದರ ಹೆಸರು, ಬಂದ ಕಾರಣ ಇವುಗಳನ್ನು ಹೊರಡಿಸುವವನೂ ಅವನೇ.

ಆದುದರಿಂದ ‘ಕುಣಿತವು ಹಾಡನ್ನು ಅನುಸರಿಸುತ್ತದೆಯೋ, ಹಾಡು ಕುಣಿತವನ್ನು ಅನುಸರಿಸುತ್ತದೆಯೋ’ ಎಂಬ ಪ್ರಶ್ನೆಗೆ ಯಕ್ಷಗಾನದ ಉತ್ತರವು ಎರಡರಲ್ಲಿ ಒಂದಲ್ಲ. ವೇಷಧಾರಿಯು ಬೇಡುತ್ತಾನೆ, ಭಾಗವತನು ಕೊಡುತ್ತಾನೆ; ಕೊಟ್ಟುದನ್ನು ಪುನಃ ವೇಷಧಾರಿಯು ತನ್ನ ಮೈಯಲ್ಲಿ ತುಂಬಿಕೊಳ್ಳಬೇಕಾಗುತ್ತದೆ. ಕಾಲದ ಒಡೆತನ ಒಬ್ಬನದು, ಅದರ ವಿನಿಯೋಗ ನಾಲ್ವರದು.

ಕುಣಿತವು ಹಾಡಿನ ಮೇಲೆ ಎಷ್ಟು ಪ್ರಭಾವ ಬೀರುತ್ತದೆಂಬುದಕ್ಕೆ ತಾಳಮದ್ದಳೆಯು ಒಳ್ಳೆಯ ಸಾಕ್ಷ್ಯವನ್ನು ಒದಗಿಸುತ್ತದೆ. ತುಳುನಾಡಿನಲ್ಲಿ ಬೇಸಗೆಯ ಕೊನೆಗೆ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದಲ್ಲಿ ನಡೆಯುವ ತಾಳಮದ್ದಳೆಯ ಕೂಟದಲ್ಲಿ ವೇಷವಿಲ್ಲ, ಕುಣಿತವಿಲ್ಲ. ಹಿಮ್ಮೇಳ ಮತ್ತು ಅರ್ಥಧಾರಿಗಳು ಮಾತ್ರ. ಪ್ರಸಂಗ ಅದೇ, ಪದ ಅದೇ, ರಾಗತಾಳಗಳೂ ಅವೇ. ಆದರೂ ಬಯಲಾಟದಲ್ಲಿ ಬಹಳ ಹೊತ್ತು ಬೆಳೆಯುವ ಪದವು ಅಲ್ಲಿ ಒಂದೆರಡು ಆವೃತ್ತಿಗಳಲ್ಲಿ ಮುಗಿದುಹೋಗುತ್ತದೆ. ಬಿಡ್ತಿಗೆಗಳು ಕಿರಿದಾಗುತ್ತವೆ, ಚೆಂಡೆಯ ಅಬ್ಬರ ಇಳಿಯುತ್ತದೆ. ಕಾಲು ಸುಮ್ಮನಾದುದರಿಂದ ಕೈಯೂ ಸಂಕ್ಷೇಪಿಸಿತು. ಬಯಲಾಟದ ಪದದಲ್ಲಿ ಎಷ್ಟು ಭಾಗ ಕವಿಯದು, ಎಷ್ಟು ಭಾಗ ಕುಣಿಯುವವನದು ಎಂಬುದನ್ನು ತಿಳಿಯಬೇಕಾದರೆ ವಿದ್ಯಾರ್ಥಿಗಳು ಒಂದೇ ಪ್ರಸಂಗವನ್ನು ಎರಡೂ ಬಗೆಯಲ್ಲಿ ಕೇಳಿ ನೋಡುವುದು ಒಳ್ಳೆಯದು.

ವಾದ್ಯಗಳ ನಡುವಣ ಹಂಚಿಕೆಯಲ್ಲಿಯೂ ಇಂಥದೇ ವಿವೇಕವಿದೆ. ‘ಅಭಿಮನ್ಯು ಕಾಳಗ’ದಲ್ಲಿ ಅಭಿಮನ್ಯುವು ಯುದ್ಧಕ್ಕೆ ಹೊರಡುವಾಗ ತಾಯಿ ಸುಭದ್ರೆಯನ್ನು ಬೀಳ್ಕೊಳ್ಳುವ ಸಂದರ್ಭವನ್ನು ತೆಗೆದುಕೊಳ್ಳಬಹುದು. ತಾಯಿಯ ಸಂಕಟಕ್ಕೆ ಮದ್ದಳೆಯೊಂದೇ, ಅದೂ ತೀರ ಮೆತ್ತಗೆ. ಮಗನ ಉತ್ಸಾಹಕ್ಕೆ ಚೆಂಡೆ. ಇಬ್ಬರೂ ರಂಗದ ಮೇಲೆ ಒಟ್ಟಿಗೇ ಇರುವುದರಿಂದ ಚೆಂಡೆಗಾರನು ಪದದಿಂದ ಪದಕ್ಕೆ ಕೋಲನ್ನೆತ್ತುವುದೂ ತಡೆಹಿಡಿಯುವುದೂ ನಡೆದೇ ಇರುತ್ತದೆ. ಅವನು ತಡೆಹಿಡಿದ ಆ ಮೌನದಲ್ಲಿಯೇ ಸುಭದ್ರೆಯ ಅಳಲು ಪ್ರೇಕ್ಷಕನನ್ನು ಮುಟ್ಟುತ್ತದೆ. ಒಳ್ಳೆಯ ಚೆಂಡೆಗಾರನನ್ನು ಅವನು ಬಾರಿಸದೆ ಬಿಟ್ಟುದರಿಂದ ಗುರುತಿಸಬೇಕೆಂದು ನನ್ನ ಅಭಿಪ್ರಾಯ. ಆದರೆ ಚಪ್ಪಾಳೆ ಬೀಳುವುದು ಬಾರಿಸಿದುದಕ್ಕೆ ಎಂಬುದೂ ನಿಜ.

ಚಪ್ಪಾಳೆಯ ಮಾತು ಬಂದುದರಿಂದ ಜೋಡಾಟದ ಪ್ರಸ್ತಾಪ ಅನಿವಾರ್ಯ. ಅಕ್ಕಪಕ್ಕದ ಎರಡು ರಂಗಸ್ಥಳಗಳಲ್ಲಿ ಎರಡು ಮೇಳಗಳು ಒಂದೇ ಪ್ರಸಂಗವನ್ನು ಏಕಕಾಲದಲ್ಲಿ ಆಡುವುದು ಜೋಡಾಟ. ಅಲ್ಲಿ ಸ್ಪರ್ಧೆಯೇ ಪ್ರಧಾನ. ಆ ಕಡೆಯವನು ಹತ್ತು ಮಂಡಿ ಹಾಕಿದರೆ ಈ ಕಡೆಯವನು ಹನ್ನೆರಡು ಹಾಕಬೇಕು. ಲೆಕ್ಕ ಹಿಡಿಯಲು ಪ್ರೇಕ್ಷಕರು ಸಿದ್ಧರಾಗಿಯೇ ಕುಳಿತಿರುತ್ತಾರೆ. ಇಂಥ ಸಂದರ್ಭದಲ್ಲಿ ಮೇಲೆ ಹೇಳಿದ ಬೇಡುವ, ಕೊಡುವ ಸಂಬಂಧವು ಕಠಿನ ಪರೀಕ್ಷೆಗೆ ಗುರಿಯಾಗುತ್ತದೆ. ವೇಷಧಾರಿಯು ನಿಲ್ಲಲೊಲ್ಲ, ಭಾಗವತನು ನಿಲ್ಲಿಸಲಾರ. ನಿಲ್ಲಿಸಿದರೆ ತನ್ನ ಮೇಳವೇ ಸೋತಂತಾಗುತ್ತದೆ. ಕಥೆಯು ಕೈಬಿಟ್ಟುಹೋದರೂ ಲಯವನ್ನು ಮಾತ್ರ ಯಾರೂ ಬಿಡರು. ಸಹಯೋಗದ ಯಾವ ಭಾಗ ಎಲ್ಲಕ್ಕಿಂತ ಗಟ್ಟಿಯೆಂಬುದು ಇದರಿಂದ ತಿಳಿದುಬರುತ್ತದೆ.

ಈ ಹೊಂದಾಣಿಕೆಯನ್ನು ಕಲಾವಿದನು ಕಲಿಯುತ್ತಿದ್ದುದು ಎಲ್ಲಿ? ಈ ಪ್ರಶ್ನೆಗೆ ಬರಲೆಂದೇ ಇಷ್ಟು ದೂರ ನಡೆದುದಾಯಿತು. ಇಡೀ ರಾತ್ರಿಯ ಆಟದಲ್ಲಿ ಪ್ರಸಂಗಕ್ಕೆ ಮೊದಲು ಪೂರ್ವರಂಗವಿರುತ್ತಿತ್ತು. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಮುಂತಾದುವು ಒಂದಾದ ಮೇಲೊಂದು ಬಂದು ಕುಣಿದುಹೋಗುತ್ತಿದ್ದುವು. ಕಥೆಗೂ ಇವಕ್ಕೂ ಸಂಬಂಧವಿಲ್ಲ. ಊಟ ಮುಗಿಸಿ ಬರುವ ಪ್ರೇಕ್ಷಕರಿಗಾಗಿ ಹೊತ್ತು ಕಳೆಯುವ ಉಪಾಯವೆಂದು ಇದನ್ನು ಹಲವರು ಅಲಕ್ಷಿಸಿದ್ದಾರೆ. ಆದರೆ ರಂಗದ ಮೇಲೆ ಆಗ ಇರುತ್ತಿದ್ದವರು ಯಾರೆಂಬುದನ್ನು ನೋಡಬೇಕು. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗನು ಗೆಜ್ಜೆ ಕಟ್ಟಿ ಮೊದಲು ಹೊರಡುತ್ತಿದ್ದುದು ಕೋಡಂಗಿಯಾಗಿ. ಹಿಂದೆ ಹಾಡುತ್ತಿದ್ದವನು ಮುಖ್ಯ ಭಾಗವತನಲ್ಲ, ಅವನ ಕೈಕೆಳಗಿನ ಕಿರಿಯ. ಮದ್ದಳೆಗೂ ಚೆಂಡೆಗೂ ಕಲಿಯುವವರೇ ಕೂರುತ್ತಿದ್ದರು. ಹೆಜ್ಜೆ ತಪ್ಪಿದರೆ ಕಥೆಗೆ ಹಾನಿಯಿಲ್ಲ, ನೋಡುವವರೂ ವಿರಳ. ಒಂದು ತಿರುಗಾಟದಲ್ಲಿ ಐದಾರು ತಿಂಗಳು, ರಾತ್ರಿ ರಾತ್ರಿಯೂ, ಜೀವಂತ ಹಿಮ್ಮೇಳದ ಮುಂದೆ, ವಿವಿಧ ತಾಳಗಳಲ್ಲಿ ಕುಣಿದ ಹುಡುಗನ ಕಿವಿಯು ತಾನಾಗಿಯೇ ಬಲಿಯುತ್ತಿತ್ತು. ಅಲ್ಲಿಂದ ಸಣ್ಣಪುಟ್ಟ ವೇಷಗಳು; ಮಧ್ಯರಾತ್ರಿಯ ಮೇಲೆ ಹಿರಿಯರು ರಂಗಕ್ಕೆ ಬಂದಾಗ ಚೌಕಿಯ ಬದಿಯಲ್ಲಿ ನಿಂತು ನೋಡುವುದು. ತಾಲೀಮಿಲ್ಲದ ಆಟವೆಂದು ನಾವು ಹೇಳುವುದು ಈ ಅರ್ಥದಲ್ಲಿ ಪೂರ್ಣ ಸರಿಯಲ್ಲ. ತಾಲೀಮು ಆಟದ ಒಳಗೇ ಇತ್ತು.

ಕಳೆದ ಶತಮಾನದ ಮಧ್ಯಭಾಗದಿಂದ ಈಚೆಗೆ ಈ ವ್ಯವಸ್ಥೆಯಲ್ಲಿ ಅನೇಕ ಮಾರ್ಪಾಡುಗಳಾಗಿವೆ. ಧ್ವನಿವರ್ಧಕವು ಬಂದುದು ಅವುಗಳಲ್ಲಿ ಮುಖ್ಯವಾದುದು. ಚೆಂಡೆಯ ನಾದವನ್ನು ಮೀರಿ ಬಯಲಿನ ಕೊನೆಯವನಿಗೆ ಸಾಹಿತ್ಯ ಕೇಳಿಸಬೇಕಾಗಿದ್ದ ಕಾಲದಲ್ಲಿ ಭಾಗವತನು ಏರುಶ್ರುತಿಯಲ್ಲಿ, ಬಿಗಿಯಾಗಿ, ಅಲಂಕಾರಗಳಿಗೆ ಎಡೆಯಿಲ್ಲದಂತೆ ಹಾಡುತ್ತಿದ್ದನು. ಧ್ವನಿವರ್ಧಕವು ಅವನ ಕಂಠಕ್ಕೆ ಬಿಡುವನ್ನು ಕೊಟ್ಟಿತು. ರಾಗವನ್ನು ಬೆಳೆಸುವ, ಹೊಸ ರಾಗಗಳನ್ನು ತರುವ ಅವಕಾಶವುಂಟಾಯಿತು. ನಾರಣಪ್ಪ ಉಪ್ಪೂರರ ಶಿಷ್ಯರಾದ ಗುಂಡ್ಮಿ ಕಾಳಿಂಗ ನಾವಡರು (೧೯೫೮–೧೯೯೦) ಈ ದಾರಿಯಲ್ಲಿ ಬಹುದೂರ ನಡೆದು, ಕೇವಲ ಅವರ ಹಾಡುಗಾರಿಕೆಯನ್ನು ಕೇಳಲೆಂದೇ ಜನ ಸೇರುವಂತೆ ಮಾಡಿದರು. ಇದರಿಂದ ಯಕ್ಷಗಾನದ ಸಂಗೀತಕ್ಕೆ ಲಾಭವಾದುದು ನಿಸ್ಸಂದೇಹ. ಆದರೆ ಭಾಗವತನು ರಾಗವನ್ನು ವಿಸ್ತರಿಸುತ್ತಿರುವಾಗ ವೇಷಧಾರಿಯು ಮಾಡಬೇಕಾದುದೇನು? ಅಷ್ಟು ಹೊತ್ತನ್ನು ಅಭಿನಯದಿಂದ ತುಂಬಬಲ್ಲವರು ಕೆಲವರು. ಉಳಿದವರು ಬಳಸಿ ಬಳಸಿ ನಡೆಯುತ್ತಾರೆ, ಇಲ್ಲವೆ ನಿಂತುಬಿಡುತ್ತಾರೆ. ಅನುಕರಿಸಿದವರ ಕೈಯಲ್ಲಿ ಈ ದೋಷ ಹೆಚ್ಚಾಗಿ ಕಾಣಿಸಿತು.

ಇನ್ನೊಂದು ಬಗೆಯ ಮಾರ್ಪಾಡು ಶಿವರಾಮ ಕಾರಂತರದು. ೧೯೫೭ರಲ್ಲಿ ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥವನ್ನು ಹೊರತಂದ ಕಾರಂತರು ಅಲ್ಲಿಗೆ ನಿಲ್ಲದೆ ರಂಗಪ್ರಯೋಗಕ್ಕೇ ಕೈಹಾಕಿದರು. ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ ೧೯೭೧ರಲ್ಲಿ ಯಕ್ಷಗಾನ ಕೇಂದ್ರವು ಸ್ಥಾಪಿತವಾಯಿತು. ಕಾರಂತರ ಯಕ್ಷರಂಗದ ಪ್ರಯೋಗಗಳಲ್ಲಿ ಅರ್ಥಗಾರಿಕೆಯನ್ನು ಬಿಟ್ಟುಕೊಟ್ಟು ಗಾಯನ, ವಾದನ, ನರ್ತನಗಳಿಂದಲೇ ಕಥೆಯನ್ನು ನಡೆಸಲಾಯಿತು. ಹಿಮ್ಮೇಳಕ್ಕೆ ಪಿಟೀಲೂ ಸ್ಯಾಕ್ಸೊಫೋನೂ ಸೇರಿದುವು. ಇಡೀ ರಾತ್ರಿಯ ಆಟವು ಕೆಲವೇ ಗಂಟೆಗಳಿಗೆ ಇಳಿಯಿತು. ಮಾತು ಬಾರದ ಪರದೇಶದ ಪ್ರೇಕ್ಷಕರಿಗೂ ಯಕ್ಷಗಾನವನ್ನು ಮುಟ್ಟಿಸಿದ ಶ್ರೇಯಸ್ಸು ಈ ಪ್ರಯೋಗಗಳಿಗೆ ಸಲ್ಲಬೇಕು. ಬೆಸೆದಂತಿದ್ದ ರಂಗಚಲನೆ, ಹದವರಿತ ವರ್ಣಯೋಜನೆ ಇವು ಅವುಗಳ ಗುಣ. ಆದರೆ ಪೂರ್ವನಿಶ್ಚಿತವಾದ ಕ್ರಮದಲ್ಲಿ ಎಲ್ಲವೂ ನಡೆಯುವುದರಿಂದ ಬೇಡುವ, ಕೊಡುವ ವ್ಯವಹಾರಕ್ಕೆ ಅಲ್ಲಿ ಎಡೆಯಿಲ್ಲ. ಅರ್ಥವನ್ನು ತೆಗೆದುದರಿಂದ ಇನ್ನೊಂದು ಪರಿಣಾಮವೂ ಆಯಿತು. ಮಾತಿನ ಭಾಗವು ಸಾಹಿತ್ಯರಸಿಕರಿಗೆ ಮಾತ್ರ ಬೇಕಾದುದೆಂದು ಭಾವಿಸುವುದು ತಪ್ಪು. ಕುಣಿದವನ ಉಸಿರಿಗೂ, ಬಾರಿಸಿದವನ ಕೈಗೂ, ಕೇಳಿದವನ ಕಿವಿಗೂ ಅದು ವಿಶ್ರಾಂತಿಯ ಸ್ಥಳ. ಕಾರಂತರನ್ನು ಆ ಕಾಲದಲ್ಲಿ ವಿರೋಧಿಸಿದವರಲ್ಲಿ ಹಲವರು ಸಂಪ್ರದಾಯದ ಹೆಸರಿನಲ್ಲಿ ವಿರೋಧಿಸಿದರೇ ಹೊರತು ಈ ಅಂಶವನ್ನು ಎತ್ತಿ ಹಿಡಿದುದು ಕಡಮೆ. ಉಡುಪಿಯ ಅದೇ ಕೇಂದ್ರದಲ್ಲಿ ಹಿರಿಯಡಕ ಗೋಪಾಲರಾಯರಂಥ ಮದ್ದಳೆಯ ಗುರುಗಳು ಹಳೆಯ ಕ್ರಮವನ್ನೇ ಶಿಷ್ಯರಿಗೆ ಕಲಿಸುತ್ತಿದ್ದರೆಂಬುದನ್ನೂ ಇಲ್ಲಿ ನೆನೆಯಬೇಕು.

ಈಚಿನದು ಕಾಲಮಿತಿಯ ಮಾರ್ಪಾಡು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕಗಳನ್ನು ನಿರ್ಬಂಧಿಸುವ ನಿಯಮಗಳು ೨೦೦೦ದಲ್ಲಿ ಬಂದುವು. ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರಿಗೆ ಇಡೀ ರಾತ್ರಿ ಕೂರುವ ವ್ಯವಧಾನವೂ ಇಲ್ಲವಾಯಿತು. ಹಲವು ಮೇಳಗಳು ಸಂಜೆಯಿಂದ ನಡುರಾತ್ರಿಯೊಳಗೆ ಆಟ ಮುಗಿಸುವ ಪದ್ಧತಿಯನ್ನು ಅಂಗೀಕರಿಸಿವೆ. ಇದರಿಂದ ಪ್ರಸಂಗಗಳು ಬಿಗಿಯಾದುವೆಂದು ಸಂತೋಷಪಡುವವರಿದ್ದಾರೆ. ಆ ಸಂತೋಷವು ನಿರಾಧಾರವೇನೂ ಅಲ್ಲ. ಅರ್ಥಗಾರಿಕೆಯ ಅನವಶ್ಯಕ ಬೆಳವಣಿಗೆಗೆ ಕತ್ತರಿ ಬಿದ್ದುದು ಒಳ್ಳೆಯದೇ. ಆದರೆ ಸಮಯದ ಅಭಾವವುಂಟಾದಾಗ ಎಲ್ಲಕ್ಕಿಂತ ಮೊದಲು ಕೈಬಿಡುವುದು ಪೂರ್ವರಂಗವನ್ನು. ಪ್ರೇಕ್ಷಕನಿಗೆ ಅದರಿಂದ ನಷ್ಟವಿಲ್ಲ. ಯಾರೂ ದೂರುವುದೂ ಇಲ್ಲ. ಕೋಡಂಗಿಯ ಹುಡುಗನಿಗೆ ಮಾತ್ರ ನಿಲ್ಲಲು ಎಡೆಯಿಲ್ಲವಾಗುತ್ತದೆ. ಈಗಿನ ತರುಣ ಕಲಾವಿದರಲ್ಲಿ ಬಹುಮಂದಿ ತರಬೇತಿ ಕೇಂದ್ರಗಳಿಂದ ಬರುತ್ತಾರೆ. ಉಡುಪಿಯ ಕೇಂದ್ರವಾಗಲಿ, ಕೆರೆಮನೆ ಶಂಭು ಹೆಗಡೆಯವರು ಗುಣವಂತೆಯಲ್ಲಿ ಸ್ಥಾಪಿಸಿದ ಕೇಂದ್ರವಾಗಲಿ ಇಂಥ ಶಿಕ್ಷಣಕ್ಕೆ ಮಾಡಿರುವ ಸೇವೆ ದೊಡ್ಡದು. ಹೆಣ್ಣುಮಕ್ಕಳಿಗೆ ಯಕ್ಷಗಾನದ ಬಾಗಿಲು ತೆರೆದುದರಲ್ಲಿಯೂ ಇಂಥ ತರಗತಿಗಳ ಪಾಲು ಬಹಳವಾಗಿದೆ. ಆದರೆ ಯಾವ ಕೇಂದ್ರವೂ ವರುಷಕ್ಕೆ ನೂರಾರು ರಾತ್ರಿಗಳ ಪೂರ್ವರಂಗವನ್ನು ಒದಗಿಸಲಾರದು.

ನಮ್ಮ ಕಾಲೇಜುಗಳಿಗೆ ಸಂಬಂಧಿಸಿದ ಮಾತೊಂದನ್ನು ಹೇಳಬೇಕು. ಅಂತರಕಾಲೇಜು ಸ್ಪರ್ಧೆಗಳಿಗಾಗಿ ವಿದ್ಯಾರ್ಥಿಗಳು ಅಭ್ಯಾಸ ಮಾಡುವಾಗ ಹಿಮ್ಮೇಳದವರನ್ನು ಪ್ರತಿದಿನವೂ ಕರೆಸುವುದು ದುಬಾರಿಯಾದುದರಿಂದ, ಒಂದು ದಿನ ಹಾಡಿಸಿ ಧ್ವನಿಮುದ್ರಣ ಮಾಡಿಕೊಂಡು ಅದಕ್ಕೇ ಕುಣಿದು ಕಲಿಯುವ ರೂಢಿಯು ಬೆಳೆದಿದೆ. ಯಂತ್ರವು ಪ್ರತಿಸಲವೂ ಅದೇ ಆವರ್ತದಲ್ಲಿ ಮುಕ್ತಾಯ ಕೊಡುತ್ತದೆ. ವಿದ್ಯಾರ್ಥಿಯು ಎಣಿಕೆಯನ್ನು ಬಾಯಿಪಾಠ ಮಾಡುತ್ತಾನೆ, ಕೇಳುವುದನ್ನು ಕಲಿಯುವುದಿಲ್ಲ. ಹಾಗೆ ಅಭ್ಯಾಸ ಮಾಡಿದ ಒಂದು ತಂಡದ ಆಟವನ್ನು ಕೆಲವು ವರುಷಗಳ ಹಿಂದೆ ನೋಡುವ ಸಂದರ್ಭ ನನಗೊದಗಿತ್ತು. ಆ ದಿನ ಹಿಮ್ಮೇಳಕ್ಕೆ ಬಂದಿದ್ದವರು ಹಳಬರು. ವಾಡಿಕೆಯಂತೆ ಭಾಗವತರು ಒಂದು ಸಾಲನ್ನು ಇನ್ನೊಮ್ಮೆ ಎತ್ತಿಕೊಂಡರು. ಮುಗಿಯಿತೆಂದು ತಿಳಿದು ಕಾಲೂರಿ ನಿಂತಿದ್ದ ಹುಡುಗ ದಿಗ್ಭ್ರಮೆಯಿಂದ ಹಿಂದಿರುಗಿ ನೋಡಿದ. ಭಾಗವತರು ತಾಳವನ್ನು ಬಿಡದೆ, ಹಾಡನ್ನು ನಿಲ್ಲಿಸದೆ, ಗಲ್ಲವನ್ನು ಸ್ವಲ್ಪ ಮೇಲೆತ್ತಿ ಅವನನ್ನು ಕುಣಿಯುವಂತೆ ಸನ್ನೆ ಮಾಡಿದರು. ಎರಡು ಆವರ್ತ ಅವನು ಕೇಳುತ್ತಲೇ ನಿಂತಿದ್ದ. ಮೂರನೆಯದಕ್ಕೆ ಹೆಜ್ಜೆ ಹಾಕಿದ. ಮದ್ದಳೆಗಾರರು ಅವನಿಗಾಗಿ ನಡೆಯನ್ನು ತುಸು ಬಿಡಿಸಿ ಬಾರಿಸಿದರು.